ಪಲ್ಟಣಗಳ ಸಾಲಿನಲ್ಲಿ ಬೆಂಗಳೂರು

ಗದಗ ಸೀಮೆಯ ಸೂಡಿಯಲ್ಲಿ ಬೆಳೆದವರಿಗೆ ಕಲ್ಲಿನ ಮೇಲಿನ ಅಕ್ಷರ ಕಂಡರೆ ಬೆರಳಾಡಿಸಿ ನೋಡುವ ಚಾಳಿ ಚಿಕ್ಕಂದಿನಲ್ಲೇ ಅಂಟಿಕೊಳ್ಳುತ್ತದೆ. ಜೋಡು ಕಳಸದ ಗುಡಿಯ ಮಗ್ಗುಲಲ್ಲಿ ಆಡುವಾಗ, ನಾಗಕುಂಡದ ಮೆಟ್ಟಿಲಿಳಿದು ಕಾಲು ಚಾಚಿ ಕೂತಾಗ, ಕಣ್ಣಿಗೆ ಮೊದಲು ಬೀಳುವುದು ಕಲ್ಲೇ. ಓದಲು ಬರದಿದ್ದರೂ ಅಲ್ಲಿ ಯಾರದೋ ಹೆಸರಿದೆ ಎಂಬುದು ಗೊತ್ತಿರುತ್ತದೆ. ಮುಂದೆ ದೊಡ್ಡವರಾದ ಮೇಲೆ ತಿಳಿಯುತ್ತದೆ: ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಕಿಸುಕಾಡು ಎಪ್ಪತ್ತನ್ನು ಆಳಿದ ಅಕ್ಕಾದೇವಿ, ಗುಡಿಯನ್ನೂ ಕುಂಡವನ್ನೂ ಕಟ್ಟಿಸಿದ ದಂಡನಾಯಕ ನಾಗದೇವ, ಇವರೆಲ್ಲ ನಮಗೆ ಗೊತ್ತಿರುವುದು ಒಬ್ಬ ಕಲ್ಲುಕುಟಿಗ ಉಳಿ ಹಿಡಿದು ಕೂತಿದ್ದರಿಂದ. ಸಾವಿರ ವರ್ಷದ ಹಿಂದಿನ ಹೆಣ್ಣುಮಗಳೊಬ್ಬಳ ಬಿರುದು ‘ಗುಣದ ಬೆಡಂಗಿ’ ಎಂದು ಇಂದು ನಾವು ಹೇಳಬಲ್ಲೆವು. ಅವಳಿಗಿಂತ ಎಷ್ಟೋ ಈಚಿನವರ ಹೆಸರು ಹೇಳಲಾರೆವು. ಬರೆದಿಟ್ಟವರಿದ್ದರೆ ಹೆಸರು ಉಳಿಯುತ್ತದೆ.

ಇದೇ ಚಾಳಿಯಿಂದ ನಾನು ಬಹಳ ಸಲ ಓದಿರುವ ಇನ್ನೊಂದು ಸಾಲು ಮುಂಬಯಿಯ ರೋವರ್ಸ್ ಕಪ್ ಗೆದ್ದವರದು. 1891ರಲ್ಲಿ ಅದು ಶುರುವಾಗುತ್ತದೆ, ಮೊದಲ ಹೆಸರು ವೂಸ್ಟರ್‌ಶೈರ್ ರೆಜಿಮೆಂಟ್. ಅಲ್ಲಿಂದ ಕೆಳಕ್ಕೆ ಓದುತ್ತ ಹೋದರೆ ಪಲ್ಟಣದ ಮೇಲೆ ಪಲ್ಟಣ. ಇಂಗ್ಲೆಂಡಿನ ಜಿಲ್ಲೆಗಳ ಹೆಸರು, ಸ್ಕಾಟ್ಲೆಂಡಿನ ಗುಡ್ಡಗಾಡಿನ ಹೆಸರು, ತೋಪಿನ ದಳಗಳ ಹೆಸರು. ಹತ್ತು ವರ್ಷ, ಇಪ್ಪತ್ತು ವರ್ಷ, ನಲವತ್ತು ವರ್ಷ ದಾಟಿದರೂ ಈ ನೆಲದ ಒಂದು ತಂಡದ ಹೆಸರೂ ಸಿಗುವುದಿಲ್ಲ. ಆಮೇಲೆ 1937ರ ಎದುರಿಗೆ ಬರುತ್ತದೆ: ಬೆಂಗಳೂರು ಮುಸ್ಲಿಮ್ಸ್.

ಇಲ್ಲಿಗೆ ಬಂದಾಗಲೆಲ್ಲ ನನ್ನ ಬೆರಳು ನಿಲ್ಲುತ್ತದೆ. ಭಾರತದ ಫುಟ್ಬಾಲಿನಲ್ಲಿ ಹಳೆಯ ದೊಡ್ಡ ಕಪ್ಪುಗಳು ಮೂರು. ಕಲ್ಕತ್ತದ ಐಎಫ್‌ಎ ಶೀಲ್ಡನ್ನು ಭಾರತೀಯರ ಪೈಕಿ ಮೊದಲು ಗೆದ್ದದ್ದು 1911ರಲ್ಲಿ ಮೋಹನ್ ಬಾಗಾನ್. ಡ್ಯೂರಾಂಡ್ ಕಪ್ಪನ್ನು ಮೊದಲು ಗೆದ್ದದ್ದು 1940ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್. ಇವೆರಡರ ನಡುವೆ ರೋವರ್ಸ್ ಕಪ್ಪನ್ನು ಮೊದಲು ಗೆದ್ದವರು ನಮ್ಮ ಬೆಂಗಳೂರಿನವರು. ಮೋಹನ್ ಬಾಗಾನಿನ ಗೆಲುವು ಬಂಗಾಳದಲ್ಲಿ ಮಕ್ಕಳ ಬಾಯಲ್ಲೂ ಇದೆ, ಅದರ ಮೇಲೆ ಪುಸ್ತಕಗಳಿವೆ, ಸಿನಿಮಾ ಇದೆ, ಜುಲೈ 29 ಅಲ್ಲಿ ಹಬ್ಬದ ದಿನ. ನಮ್ಮ 1937 ಎಲ್ಲಿದೆ? ಇದನ್ನು ಕೇಳಿಕೊಂಡೇ ಈ ಲೇಖನ ಬರೆಯಲು ಕೂತಿದ್ದೇನೆ.

ಮೊದಲು ಕಪ್ಪಿನ ಬೇರನ್ನು ಹುಡುಕಿಕೊಂಡು ಲಂಡನ್ನಿಗೆ ಹೋಗಬೇಕು.

1871ರ ಜುಲೈ 20. ‘ದಿ ಸ್ಪೋರ್ಟ್ಸ್‌ಮನ್’ ಎಂಬ ಪತ್ರಿಕೆಯ ಕಚೇರಿಯಲ್ಲಿ ಇಂಗ್ಲೆಂಡಿನ ಫುಟ್ಬಾಲ್ ಅಸೋಸಿಯೇಷನ್ ಸಭೆ ಸೇರಿತ್ತು. ಕಾರ್ಯದರ್ಶಿ ಚಾರ್ಲ್ಸ್ ಆಲ್ಕಾಕ್‌ಗೆ ಆಗ 28 ವರ್ಷ. ಸಂಘಕ್ಕೆ ಸೇರಿದ ಎಲ್ಲ ಕ್ಲಬ್ಬುಗಳೂ ಸ್ಪರ್ಧಿಸುವಂಥ ಒಂದು ಕಪ್ ಇಡೋಣ ಎಂದು ಅವನು ಸೂಚಿಸಿದ. ಹ್ಯಾರೋ ಶಾಲೆಯಲ್ಲಿ ಓದಿದವನು ಅವನು. ಅಲ್ಲಿ ‘ಮನೆ’ ಎಂದು ಕರೆಯುವ ಹಾಸ್ಟೆಲುಗಳ ನಡುವೆ ಒಂದು ಪಂದ್ಯಾವಳಿ ನಡೆಯುತ್ತಿತ್ತು, ಸೋತ ಮನೆ ಹೊರಕ್ಕೆ, ಗೆದ್ದ ಮನೆ ಮುಂದಿನ ಸುತ್ತಿಗೆ. ಅದನ್ನೇ ಅವನು ಊರ ಬಯಲಿಗೆ ತಂದ. ಇವತ್ತಿಗೂ ನಮ್ಮ ಕಡೆ ವಾಲಿಬಾಲ್ ಇರಲಿ, ಕಬಡ್ಡಿ ಇರಲಿ, ಟೂರ್ನಮೆಂಟ್ ಎಂದರೆ ನಡೆಯುವುದು ಆ ಲೆಕ್ಕದಲ್ಲೇ. ನಾಕೌಟ್ ಎಂಬ ಮಾತಿಗೆ ಅರ್ಥ ಕೇಳಿದರೆ ಹುಡುಗರು ಹೇಳುತ್ತಾರೆ, “ಸೋತಾಂವ ಮನಿಗೆ, ಗೆದ್ದಾಂವ ಮುಂದಕ್ಕ.” ಆಲ್ಕಾಕ್ ಹೇಳಿದ್ದೂ ಇಷ್ಟೇ.

ಮೊದಲ ವರ್ಷ, ಅಂದರೆ 1871-72ರಲ್ಲಿ, ಹೆಸರು ಕೊಟ್ಟದ್ದು 15 ತಂಡಗಳು. ಕಪ್ಪಿಗೆ ತಗುಲಿದ ಖರ್ಚು 20 ಪೌಂಡು. ಆಟ ಇವತ್ತಿನದಕ್ಕಿಂತ ಬೇರೆಯೇ ಇತ್ತು. ಗೋಲು ಕಂಬಗಳ ಮೇಲೆ ಅಡ್ಡಪಟ್ಟಿ ಇರಲಿಲ್ಲ, ಒಂದು ಪಟ್ಟಿ ದಾರ ಬಿಗಿದಿರುತ್ತಿದ್ದರು. ಪೆನಾಲ್ಟಿ ಇಲ್ಲ. ಪ್ರತಿ ಗೋಲಿಗೂ ತಂಡಗಳು ದಿಕ್ಕು ಬದಲಿಸಬೇಕು. ಸ್ಕಾಟ್ಲೆಂಡಿನ ಗ್ಲಾಸ್ಗೊದಿಂದ ಕ್ವೀನ್ಸ್ ಪಾರ್ಕ್ ಎಂಬ ತಂಡ ಹೆಸರು ಕೊಟ್ಟಿತ್ತು. ದೂರದವರೆಂದು, ಎದುರಾಳಿಗಳು ಹಿಂದೆ ಸರಿದರೆಂದು, ಒಂದೂ ಪಂದ್ಯ ಆಡದೆ ಸೆಮಿಫೈನಲ್ ಮುಟ್ಟಿತು. ಲಂಡನ್ನಿಗೆ ಬಂದು ಆಲ್ಕಾಕ್‌ನ ವಾಂಡರರ್ಸ್ ತಂಡದೊಂದಿಗೆ ಗೋಲಿಲ್ಲದೆ ಸಮ ಮಾಡಿಕೊಂಡಿತು. ಮತ್ತೆ ಆಡಬೇಕು. ಆದರೆ ಮತ್ತೊಮ್ಮೆ ರೈಲು ಹತ್ತಿ ಬರಲು ಕೈಯಲ್ಲಿ ದುಡ್ಡಿಲ್ಲ. ಸೋಲದೆಯೇ ಮನೆಗೆ ಹೋದರು. ಬಡ ತಂಡಕ್ಕೆ ಎದುರಾಳಿಗಿಂತ ರೈಲು ಚಾರ್ಜೇ ದೊಡ್ಡದು ಎಂಬ ಮಾತು ಈ ಪಂದ್ಯಾವಳಿಯ ಹುಟ್ಟಿನ ವರ್ಷದಲ್ಲೇ ಬರೆದಿದೆ. ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ವಿಭಾಗಕ್ಕೆ ಆಡಲು ಹೋದ ನಮ್ಮ ಹಳ್ಳಿ ಶಾಲೆಗಳ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಫೈನಲ್ 1872ರ ಮಾರ್ಚ್ 16ರಂದು ಕೆನ್ನಿಂಗ್ಟನ್ ಓವಲ್ ಮೈದಾನದಲ್ಲಿ. ಒಂದು ಶಿಲ್ಲಿಂಗ್ ಕೊಟ್ಟು ಸುಮಾರು 2,000 ಮಂದಿ ಬಂದರು. ವಾಂಡರರ್ಸ್ ಎದುರಿಗೆ ನಿಂತದ್ದು ರಾಯಲ್ ಎಂಜಿನಿಯರ್ಸ್, ಸೈನ್ಯದ ಎಂಜಿನಿಯರಿಂಗ್ ಅಧಿಕಾರಿಗಳ ತಂಡ. ಗೆಲ್ಲುವವರು ಇವರೇ ಎಂದು ಜನ ಬಾಜಿ ಕಟ್ಟಿದ್ದರು. ಅದಕ್ಕೆ ಕಾರಣವಿತ್ತು. ಉಳಿದವರೆಲ್ಲ ಚೆಂಡು ಸಿಕ್ಕವನು ಒಬ್ಬನೇ ನುಗ್ಗುವ ಆಟ ಆಡುತ್ತಿದ್ದಾಗ, ಒಬ್ಬ ಇನ್ನೊಬ್ಬನಿಗೆ ಚೆಂಡು ದಾಟಿಸಿ ಕೂಡಿ ಆಡುವುದನ್ನು ರೂಢಿಸಿಕೊಂಡವರು ಈ ಎಂಜಿನಿಯರುಗಳು. ಆದರೆ ಶುರುವಾಗಿ ಹತ್ತು ನಿಮಿಷಕ್ಕೆ ಅವರ ಕಡೆಯ ಲೆಫ್ಟಿನೆಂಟ್ ಕ್ರೆಸ್‌ವೆಲ್‌ನ ಕೊರಳೆಲುಬು ಮುರಿಯಿತು. ಬದಲಿ ಆಟಗಾರನೆಂಬ ಪದ್ಧತಿಯೇ ಇಲ್ಲದ ಕಾಲ. ಅವನು ಮೈದಾನ ಬಿಡಲಿಲ್ಲ, ಮುರಿದ ಎಲುಬಿನಲ್ಲೇ ಕೊನೆಯವರೆಗೆ ನಿಂತ. ಹದಿನೈದನೆಯ ನಿಮಿಷದ ಸುಮಾರಿಗೆ ವಾಂಡರರ್ಸ್‌ನ ಮಾರ್ಟನ್ ಬೆಟ್ಸ್ ಗೋಲು ಹೊಡೆದ. ಅವನು ಆಡಿದ್ದು ಬೇರೆ ಹೆಸರಿನಲ್ಲಿ, ‘ಎ. ಎಚ್. ಚೆಕರ್’ ಎಂದು. ಆ ಒಂದೇ ಗೋಲಿಗೆ ಕಪ್ ಹೋಯಿತು. ಕಪ್ ಇಡೋಣ ಎಂದ ಆಲ್ಕಾಕ್‌ನೇ ಗೆದ್ದ ತಂಡದ ನಾಯಕ.

ಇಷ್ಟು ವಿವರವಾಗಿ ಈ ಫೈನಲ್ ಹೇಳಿದ್ದಕ್ಕೆ ಕಾರಣ ಸೋತ ತಂಡ. ಆ ತಂಡದಲ್ಲಿ ಆಡಿದ ಹೆನ್ರಿ ರೆನ್ನಿ-ಟೇಲರ್ ಹುಟ್ಟಿದ್ದು ನಮ್ಮ ಮಸ್ಸೂರಿಯಲ್ಲಿ, 1849ರಲ್ಲಿ. ರಾಯಲ್ ಎಂಜಿನಿಯರ್ಸ್‌ನ ಅಧಿಕಾರಿಗಳು ಹಡಗು ಹತ್ತಿ ಬರುತ್ತಿದ್ದ ನಾಡು ಭಾರತ. ಇಲ್ಲಿ ಅವರು ಸೇರುತ್ತಿದ್ದ ದಳಗಳಲ್ಲೊಂದು ಮದ್ರಾಸ್ ಸ್ಯಾಪರ್ಸ್. ಆ ದಳದ ನೆಲೆ 1834ರಿಂದ ಬೆಂಗಳೂರು, ಹಲಸೂರು ಕೆರೆಯ ಬಗಲಲ್ಲಿ. ಲಂಡನ್ನಿನ ಓವಲ್‌ಗೂ ಬೆಂಗಳೂರಿಗೂ ನಡುವೆ ಇದ್ದದ್ದು ಒಂದು ವರ್ಗಾವಣೆ ಆದೇಶದಷ್ಟು ದೂರ.

ಬೆಂಗಳೂರಿನ ಜನ ಆ ಭಾಗವನ್ನು ದಂಡು ಎಂದೇ ಕರೆಯುತ್ತಿದ್ದರು, ರೈಲ್ವೆ ನಿಲ್ದಾಣಕ್ಕೆ ಇಂದಿಗೂ ಹಳಬರ ಬಾಯಲ್ಲಿ ಅದೇ ಹೆಸರು. ಶ್ರೀರಂಗಪಟ್ಟಣ ಬಿದ್ದ ಮೇಲೆ, 1809ರಲ್ಲಿ ಬ್ರಿಟಿಷರು ಅಲ್ಲಿ ಬೀಡುಬಿಟ್ಟರು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗಲೂ ದಂಡನ್ನು ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಂಡರು. ಪೇಟೆ ಮಹಾರಾಜರದು, ದಂಡು ಸರಕಾರದ್ದು. ದಂಡಿನ ಪರೇಡ್ ಮೈದಾನದಲ್ಲಿ ಬೆಳಿಗ್ಗೆ ಕವಾಯತು, ಸಂಜೆ ಫುಟ್ಬಾಲ್. ಸುತ್ತ ನಿಂತು ನೋಡುತ್ತಿದ್ದವರು ಸಿಪಾಯಿಗಳ ಮಕ್ಕಳು, ಕುದುರೆ ಲಾಯದವರು, ಬ್ರೆಡ್ಡು ಮಾರುವವರು, ಚರ್ಮದ ಕೆಲಸದವರು, ದರ್ಜಿಗಳು. ಗೆರೆ ದಾಟಿ ಹೊರಬಂದ ಚೆಂಡನ್ನು ಒದ್ದು ಮರಳಿಸುತ್ತ ಆಟ ಕಲಿತ ಮಕ್ಕಳು ಅವರು. ಬೂಟು ಇರಲಿಲ್ಲ. ಬರಿಗಾಲಲ್ಲಿ ಚೆಂಡಿನ ಹದ ಪಾದಕ್ಕೆ ನೇರವಾಗಿ ತಿಳಿಯುತ್ತದೆ, ಬೆರಳಿನಿಂದ ಎತ್ತಬಹುದು, ಅಂಗಾಲಿನಿಂದ ಎಳೆದುಕೊಳ್ಳಬಹುದು, ಪಾದದ ಒಳಮೈಯಿಂದ ಸವರಿ ದಿಕ್ಕು ತಿರುಗಿಸಬಹುದು. ಸೂಡಿಯ ಎರೆಹೊಲದ ಅಂಚಿನಲ್ಲಿ ಬರಿಗಾಲಲ್ಲಿ ಚೆಂಡೊದ್ದು ಬೆಳೆದವನಾಗಿ ಇದನ್ನು ನಾನು ಖಾತ್ರಿಯಿಂದ ಹೇಳುತ್ತೇನೆ. ಒಣಗಿದ ಎರೆಯಲ್ಲಿ ಬಿರುಕು ಬಿಟ್ಟ ನೆಲ ಹಿಮ್ಮಡಿ ಕಚ್ಚುತ್ತದೆ, ನಾಲ್ಕು ಹನಿ ಬಿದ್ದರೆ ಅದೇ ಮಣ್ಣು ಸೇರು ಸೇರಾಗಿ ಕಾಲಿಗೆ ಮೆತ್ತಿಕೊಳ್ಳುತ್ತದೆ. ಆಗ ಬೂಟು ಹಾಕಿದವನ ಎದುರು ಬರಿಗಾಲಿನವನ ಜೀವ ಅರ್ಧ. ಭಾರತದ ತಂಡಗಳು ನಲವತ್ತು ಐವತ್ತು ವರ್ಷ ಸೋತದ್ದಕ್ಕೆ ಮಳೆ, ಕೆಸರು, ಎದುರಾಳಿಯ ಕಬ್ಬಿಣದಂಥ ಬೂಟು, ಇಷ್ಟನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸೈನ್ಯದ ಜೊತೆ ನಾಕೌಟ್ ಕಪ್ಪೂ ಬಂತು. 1888ರಲ್ಲಿ ಸಿಮ್ಲಾದಲ್ಲಿ ಡ್ಯೂರಾಂಡ್, 1891ರಲ್ಲಿ ಮುಂಬಯಿಯಲ್ಲಿ ರೋವರ್ಸ್, 1893ರಲ್ಲಿ ಕಲ್ಕತ್ತದಲ್ಲಿ ಐಎಫ್‌ಎ ಶೀಲ್ಡ್. ಆಡುವವರೂ ಅವರೇ, ಗೆಲ್ಲುವವರೂ ಅವರೇ, ರೆಫರಿಗಳೂ ಅವರೇ. ಮೊದಲ ಬಿರುಕು ಬಿಟ್ಟದ್ದು ಕಲ್ಕತ್ತದಲ್ಲಿ, 1892ರಲ್ಲಿ ಶೋಭಾಬಜಾರ್ ಕ್ಲಬ್ ಟ್ರೇಡ್ಸ್ ಕಪ್ಪಿನಲ್ಲಿ ಈಸ್ಟ್ ಸರ್ರೆ ರೆಜಿಮೆಂಟನ್ನು ಸೋಲಿಸಿದಾಗ. ಆಮೇಲೆ 1911. ಮೋಹನ್ ಬಾಗಾನ್ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಶೀಲ್ಡ್ ಎತ್ತಿತು. ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ಬರಿಗಾಲು.

ಅದೇ ಮೋಹನ್ ಬಾಗಾನ್ 1923ರಲ್ಲಿ ಮುಂಬಯಿಗೆ ಬಂದು ರೋವರ್ಸ್ ಫೈನಲ್ ಮುಟ್ಟಿ ಡರ್ಹಮ್ ಲೈಟ್ ಇನ್‌ಫೆಂಟ್ರಿಗೆ ಸೋತಿತು. ರೋವರ್ಸ್ ಪಲ್ಟಣಗಳ ಕೈ ಬಿಡಲಿಲ್ಲ.

ಈಗ 1937ಕ್ಕೆ ಬರೋಣ. ಆ ವರ್ಷ ಈ ನಾಡು ಹೇಗಿತ್ತು ಎಂಬುದನ್ನು ಸೂಡಿಯಿಂದಲೇ ಹೇಳಬೇಕು, ಏಕೆಂದರೆ ಇಲ್ಲಿಂದ ನೋಡಿದರೆ ಅದು ಹೆಚ್ಚು ಸ್ಪಷ್ಟ. ಆಗ ನಮ್ಮದು ಧಾರವಾಡ ಜಿಲ್ಲೆಯ ರೋಣ ತಾಲ್ಲೂಕು. ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದು. ನಮ್ಮ ಹತ್ತಿ ಗದಗಿನ ಪೇಟೆ ಹಾಯ್ದು ಹೋಗುತ್ತಿದ್ದದ್ದು ಮುಂಬಯಿಗೆ, ನಮ್ಮ ಕಾಯದೆ ಬರುತ್ತಿದ್ದದ್ದು ಮುಂಬಯಿಯಿಂದ, ಆ ವರ್ಷ ಜುಲೈನಲ್ಲಿ ಅಲ್ಲಿ ಬಿ. ಜಿ. ಖೇರ್ ಅವರ ಕಾಂಗ್ರೆಸ್ ಮಂತ್ರಿಮಂಡಲ ಬಂದಾಗ ನಮ್ಮ ಊರಿನ ಹಿರಿಯರಿಗೆ ಅದೇ ‘ನಮ್ಮ ಸರಕಾರ’. ಊರಿಂದ ಪೂರ್ವಕ್ಕೆ ಸ್ವಲ್ಪ ದೂರ ನಡೆದರೆ ಯಲಬುರ್ಗಾ, ಕೊಪ್ಪಳ, ಅದು ನಿಜಾಮರ ಸೀಮೆ. ಬಳ್ಳಾರಿ, ಮಂಗಳೂರು ಮದ್ರಾಸಿಗೆ. ಕೊಡಗು ತನ್ನದೇ. ನಡುನಡುವೆ ಸಾವಣೂರು, ರಾಮದುರ್ಗ, ಮುಧೋಳ, ಸಂಡೂರುಗಳಂಥ ಚಿಕ್ಕ ಸಂಸ್ಥಾನಗಳು. ಮೈಸೂರು ಒಡೆಯರದು, ಅದರೊಳಗೆ ಬೆಂಗಳೂರಿನ ದಂಡು ಮತ್ತೆ ಬ್ರಿಟಿಷರದು. ಗದಗ ಸೀಮೆಯವರೇ ಆದ ಹುಯಿಲಗೋಳ ನಾರಾಯಣರಾಯರು ಬರೆದ ನಾಡಗೀತೆ 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಮೊಳಗಿ ಹದಿಮೂರು ವರ್ಷವಾಗಿತ್ತು. ಹಾಡು ಇತ್ತು, ನಾಡು ಇನ್ನೂ ಇರಲಿಲ್ಲ.

ಅಂಥ ವರ್ಷದಲ್ಲಿ ಬೆಂಗಳೂರಿನ ಒಂದು ಕ್ಲಬ್ಬು ಮುಂಬಯಿಗೆ ಕಪ್ ಆಡಲು ಹೋಯಿತು. ಬೆಂಗಳೂರಿನಿಂದ ಅರಸೀಕೆರೆ, ಹುಬ್ಬಳ್ಳಿ, ಬೆಳಗಾವಿ ಹಾದು ಪುಣೆಗೆ ಮೀಟರ್ ಗೇಜ್ ಹಳಿ. ಪುಣೆಯಲ್ಲಿ ಇಳಿದು ದೊಡ್ಡ ಗಾಡಿ ಹತ್ತಿ ಘಟ್ಟ ಇಳಿಯಬೇಕು. ಮೈಸೂರು ಸಂಸ್ಥಾನ ದಾಟಿ ಮುಂಬಯಿ ಪ್ರಾಂತ್ಯದ ಕನ್ನಡ ಊರುಗಳನ್ನು ದಾಟಿ ಹೋಗುವ ದಾರಿ ಅದು.

ಕ್ಲಬ್ಬಿನ ಹೆಸರಿನ ಬಗ್ಗೆ ಒಂದು ಮಾತು. ಮತದ ಹೆಸರು ಹೊತ್ತ ತಂಡವೆಂದು ಇಂದಿನ ಕಿವಿಗೆ ಅದು ಒಂದು ತರಹ ಕೇಳಬಹುದು. ಆ ಕಾಲದ ಆಟದ ಬಯಲುಗಳೇ ಹಾಗೆ ಹಂಚಿಹೋಗಿದ್ದವು. ಮುಂಬಯಿಯ ದೊಡ್ಡ ಕ್ರಿಕೆಟ್ ಪಂದ್ಯಾವಳಿಯಲ್ಲಿ ಹಿಂದೂಗಳು, ಮುಸ್ಲಿಮರು, ಪಾರಸಿಗಳು, ಯುರೋಪಿಯನ್ನರು ಬೇರೆ ಬೇರೆ ತಂಡಗಳಾಗಿ ಆಡುತ್ತಿದ್ದರು. ಅದೇ 1937ರಲ್ಲಿ ‘ಉಳಿದವರು’ ಎಂಬ ಐದನೆಯ ತಂಡ ಸೇರಿ ಅದು ಪೆಂಟಾಂಗ್ಯುಲರ್ ಆಯಿತು. ಬೆಂಗಳೂರು ಮುಸ್ಲಿಮ್ಸ್ ಎಂಬ ಹೆಸರಿನಲ್ಲಿ ನನಗೆ ಮೊದಲು ಕಾಣುವುದು ಮೊದಲ ಪದ. ಶೀಲ್ಡಿನ ಎದುರು ಕಲ್ಕತ್ತದ ಒಂದು ಕ್ಲಬ್ಬಿನ ಹೆಸರಿದೆ, ಡ್ಯೂರಾಂಡಿನ ಎದುರು ಕಲ್ಕತ್ತದ ಇನ್ನೊಂದು ಕ್ಲಬ್ಬಿನ ಹೆಸರಿದೆ, ಆದರೆ ತನ್ನ ಊರನ್ನು ಹೆಸರಿನಲ್ಲೇ ಹೊತ್ತು ಗೆದ್ದದ್ದು ಇದೊಂದೇ.

ಫೈನಲ್ಲಿನಲ್ಲಿ ಎದುರಾದದ್ದು ಮೊಹಮ್ಮಡನ್ ಸ್ಪೋರ್ಟಿಂಗ್. ಆಗಿನ ಭಾರತದಲ್ಲಿ ಅದಕ್ಕಿಂತ ದೊಡ್ಡ ತಂಡ ಇರಲಿಲ್ಲ. 1934ರಲ್ಲಿ ಕಲ್ಕತ್ತ ಲೀಗಿನ ಮೊದಲ ದರ್ಜೆಗೆ ಏರಿದ ವರ್ಷವೇ ಅದನ್ನು ಗೆದ್ದವರು. ಅಲ್ಲಿಯವರೆಗೆ ಯಾವ ಭಾರತೀಯ ತಂಡಕ್ಕೂ ಆ ಲೀಗ್ ದಕ್ಕಿರಲಿಲ್ಲ. ಮುಂದೆ 1938ರವರೆಗೆ ಐದು ವರ್ಷ ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. 1936ರಲ್ಲಿ ಲೀಗಿನ ಜೊತೆಗೆ ಶೀಲ್ಡನ್ನೂ ಎತ್ತಿದ್ದರು. ದೇಶದ ಮೂಲೆಮೂಲೆಯಿಂದ ಆಟಗಾರರನ್ನು ಹುಡುಕಿ ತಂದು ಸೇರಿಸಿಕೊಳ್ಳುವುದು ಆ ಕ್ಲಬ್ಬಿನ ಪದ್ಧತಿ. ಹಾಗೆ ಹೋದವರಲ್ಲಿ ಬೆಂಗಳೂರಿನವರೂ ಇದ್ದರು. ಮಳೆ ಬಿದ್ದ ದಿನ ಬೂಟು ಹಾಕಿ ಆಡುವುದನ್ನೂ ಆ ತಂಡದವರು ರೂಢಿಸಿಕೊಂಡಿದ್ದರು.

ಎರಡೂ ಕಡೆ ಭಾರತೀಯರು. ಅಲ್ಲಿಗೆ ಅರ್ಧ ಇತಿಹಾಸ ಆಗಿಹೋಗಿತ್ತು. ನಲವತ್ತಾರು ವರ್ಷದಲ್ಲಿ ಮೊದಲ ಸಲ ರೋವರ್ಸ್ ಫೈನಲ್ಲಿನಲ್ಲಿ ಒಂದೂ ಪಲ್ಟಣ ಇರಲಿಲ್ಲ. ಯಾರೇ ಗೆದ್ದರೂ ಆ ಸಾಲಿನಲ್ಲಿ ಹೊಸ ಹೆಸರು ಬರುವುದು ನಿಶ್ಚಿತವಾಗಿತ್ತು. ಉಳಿದದ್ದು ಯಾವ ಹೆಸರು ಎಂಬುದಷ್ಟೇ. ದೇಶದ ಬಹುಪಾಲು ಮಂದಿ ಮೊಹಮ್ಮಡನ್ ಸ್ಪೋರ್ಟಿಂಗ್ ಎಂದೇ ಎಣಿಸಿದ್ದರೆ ಅದರಲ್ಲಿ ತಪ್ಪಿಲ್ಲ. ಲೀಗ್, ಶೀಲ್ಡ್, ಹಣ, ಹೆಸರು, ಎಲ್ಲ ಅವರ ಕಡೆ.

ಬೆಂಗಳೂರು ಗೆದ್ದಿತು. 1-0.

ಈ ಅಂಕಿಯನ್ನು ನಾನು ಬಹಳ ಹೊತ್ತು ನೋಡುತ್ತ ಕೂತಿದ್ದುಂಟು. 1872ರ ಓವಲ್‌ನಲ್ಲೂ 1-0. ನಾಕೌಟ್ ಫೈನಲ್ಲಿನ ಅತಿ ಸಣ್ಣ ಅಂಕಿ ಇದು, ಆಡಿದವರಿಗೆ ಅತಿ ಭಾರದ್ದೂ ಇದೇ. ಗೋಲು ಬಿದ್ದ ಕ್ಷಣದಿಂದ ಸೀಟಿ ಊದುವವರೆಗೆ ಮುಂದಿರುವ ತಂಡಕ್ಕೆ ಒಂದೊಂದು ನಿಮಿಷ ಒಂದೊಂದು ಹೊಲದಷ್ಟು ಉದ್ದ. ಎದುರಿನ ಐದು ಮಂದಿ ಫಾರ್ವರ್ಡ್‌ಗಳು ಸಾಲಾಗಿ ನುಗ್ಗುತ್ತಾರೆ, ಹಿಂದೆ ಇಬ್ಬರೇ ಫುಲ್‌ಬ್ಯಾಕ್‌ಗಳು, ಅವರ ಬೆನ್ನಿಗೆ ಗೋಲಿ. ಆ ಕಾಲದ ನಮ್ಮ ಆಟ 2-3-5ರ ಆಟ, ರಕ್ಷಣೆಗೆ ಮಂದಿ ತುಂಬಿಸಿಕೊಂಡು ಕಾಯುವ ಪದ್ಧತಿ ಇಲ್ಲಿಗೆ ಇನ್ನೂ ಬಂದಿರಲಿಲ್ಲ. ಭಾರತದ ಬಲಿಷ್ಠ ಮುಂಪಡೆಯನ್ನು ಎದುರಿಗಿಟ್ಟುಕೊಂಡು ಒಂದು ಗೋಲನ್ನು ಕೊನೆಯವರೆಗೆ ಕಾಪಾಡುವುದೆಂದರೆ ಅದು ಹನ್ನೊಂದು ಮಂದಿಯೂ ಒಂದೇ ಉಸಿರಿನಲ್ಲಿ ಮಾಡಬೇಕಾದ ಕೆಲಸ. ಒಬ್ಬ ತಪ್ಪಿದರೂ ಆಯಿತು. ಒಬ್ಬನೂ ತಪ್ಪಲಿಲ್ಲ.

ಒಂದು ವರ್ಷದ ಅದೃಷ್ಟ ಎಂದು ಹೇಳುವವರಿಗೆ ಉತ್ತರ ಮರುವರ್ಷವೇ ಸಿಕ್ಕಿತು. 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಮತ್ತೆ ಫೈನಲ್ ಮುಟ್ಟಿತು. ಈ ಸಲ ಎದುರಿಗಿದ್ದದ್ದು ಅಪ್ಪಟ ಪಲ್ಟಣ, ಸ್ಕಾಟ್ಲೆಂಡಿನ ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್. ಅವರನ್ನೂ ಸೋಲಿಸಿ ಕಪ್ ಉಳಿಸಿಕೊಂಡಿತು. ನನ್ನ ಮನಸ್ಸಿಗೆ ಮೊದಲಿನದಕ್ಕಿಂತ ಇದೇ ದೊಡ್ಡದು. ಮೊದಲ ಸಲ ಪಲ್ಟಣಗಳು ಫೈನಲ್ಲಿಗೆ ಬಂದಿರಲಿಲ್ಲ, ಈ ಸಲ ಬಂದು ಸೋತವು. ಆ ವರ್ಷದ ಏಪ್ರಿಲ್ 25ರಂದು ಮೈಸೂರು ಸಂಸ್ಥಾನದ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ ಜನರ ಮೇಲೆ ಗೋಲಿಬಾರ್ ನಡೆದಿತ್ತು. ಆಟವನ್ನೂ ಅದನ್ನೂ ಒಂದೇ ತಕ್ಕಡಿಗೆ ಹಾಕುವುದು ಸಲ್ಲ. ಒಂದೇ ಗಾಳಿ ಎರಡೂ ಕಡೆ ಬೀಸುತ್ತಿತ್ತು ಎಂದಷ್ಟೇ ಹೇಳಬಹುದು.

1940ರಲ್ಲಿ ಮೂರನೆಯ ಸಲ ಫೈನಲ್. ಎದುರು ಮತ್ತೆ ಮೊಹಮ್ಮಡನ್ ಸ್ಪೋರ್ಟಿಂಗ್. ಈ ಸಲ ಒಂದು ಗೋಲು ಅವರ ಕಡೆ ಬಿತ್ತು, ಮೂರು ವರ್ಷದ ಹಿಂದಿನ ಲೆಕ್ಕ ಚುಕ್ತಾ ಮಾಡಿದರು. ಅದೇ ವರ್ಷ ದಿಲ್ಲಿಯಲ್ಲಿ ಡ್ಯೂರಾಂಡನ್ನೂ ಗೆದ್ದರು. ಆಮೇಲೆ ಯುದ್ಧದ ವರ್ಷಗಳು. ಬ್ರಿಟಿಷ್ ಸೇನೆಯ ತಂಡಗಳ ಹೆಸರುಗಳೇ ಸಾಲಿನಲ್ಲಿ ಮತ್ತೆ ಹೆಚ್ಚಾಗಿ ತುಂಬಿಕೊಂಡವು. ಸ್ವಾತಂತ್ರ್ಯ ಬಂದ ಮೇಲೆ, 1948ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ಮೋಹನ್ ಬಾಗಾನನ್ನು ಸೋಲಿಸಿ ಮೂರನೆಯ ಸಲ ರೋವರ್ಸ್ ಎತ್ತಿತು. ಪರಾಧೀನ ಭಾರತದಲ್ಲಿ ಎರಡು, ಸ್ವತಂತ್ರ ಭಾರತದಲ್ಲಿ ಒಂದು.

ಈ ಕ್ಲಬ್ಬಿನ ಅಂಗಿ ತೊಟ್ಟು ಆಡಿದವರಲ್ಲಿ ಒಬ್ಬರ ಹೆಸರು ಇಡೀ ಭಾರತಕ್ಕೆ ಗೊತ್ತು: ಅಹ್ಮದ್ ಖಾನ್. 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಅಣ್ಣತಮ್ಮಂದಿರೂ ಫುಟ್ಬಾಲ್ ಆಟಗಾರರೇ. 1948ರ ಲಂಡನ್ ಒಲಿಂಪಿಕ್ಸಿಗೆ ಹೋದ ಭಾರತ ತಂಡದಲ್ಲಿ ಅವರಿದ್ದರು, ಬೆಂಗಳೂರಿನ ಇನ್ನೂ ಹಲವರಿದ್ದರು. ಜುಲೈ 31ರಂದು ಫ್ರಾನ್ಸ್ ವಿರುದ್ಧ ಭಾರತ 1-2ರಿಂದ ಸೋತಿತು. ಆ ಒಂದು ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್ಬಾಲ್ ಗೋಲು ಅದು. ತಂಡದ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ಸಿಕ್ಕಿದ ಎರಡು ಪೆನಾಲ್ಟಿಗಳೂ ಕೈತಪ್ಪದಿದ್ದರೆ ಕತೆ ಬೇರೆಯೇ ಆಗುತ್ತಿತ್ತು. ಅಹ್ಮದ್ ಖಾನ್ 1949ರಲ್ಲಿ ಕಲ್ಕತ್ತದ ಈಸ್ಟ್ ಬೆಂಗಾಲಿಗೆ ಹೋದರು. ಅಲ್ಲಿಯ ಜನ ಆ ತಂಡದ ಐದು ಮಂದಿ ಫಾರ್ವರ್ಡ್‌ಗಳಿಗೆ ಪಂಚಪಾಂಡವರೆಂದು ಹೆಸರಿಟ್ಟರು, ಅವರಲ್ಲಿ ಅಹ್ಮದ್ ಒಬ್ಬರು. ಚೆಂಡನ್ನು ಕಾಲಿನ ಸುತ್ತ ಆಡಿಸುವ ರೀತಿಗೆ ಹಾವಾಡಿಗ ಎಂದೂ ಕರೆದರು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯಾ ಹತ್ತು ಗೋಲು ಹೊಡೆದಾಗ ಭಾರತದ ಒಂದು ಗೋಲು ಇವರದು. 2017ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಅವರನ್ನು ಹೆಚ್ಚು ಎತ್ತಿ ಆಡಿಸಿದ್ದು ಬಂಗಾಳ. ಆ ಅಭಿಮಾನಕ್ಕೆ ಕೈಮುಗಿಯುತ್ತೇನೆ, ಜೊತೆಗೆ ನಮ್ಮ ಕಡೆಯಿಂದ ಅಷ್ಟು ಆಗಲಿಲ್ಲವಲ್ಲ ಎಂದು ಸಂಕಟವಾಗುತ್ತದೆ.

ಏಕೆ ಆಗಲಿಲ್ಲ? ನನಗೆ ತೋಚುವ ಕಾರಣ ಇದು. 1911ರಲ್ಲಿ ಮೋಹನ್ ಬಾಗಾನ್ ಗೆದ್ದಾಗ ಆ ಗೆಲುವನ್ನು ಎತ್ತಿಟ್ಟುಕೊಳ್ಳಲು ಬಂಗಾಳ ಎಂಬ ಒಂದು ನಾಡಿತ್ತು, ವಂಗಭಂಗದ ಗಾಯ ಹಸಿಯಾಗಿದ್ದ ನಾಡು, ಪತ್ರಿಕೆಗಳಿದ್ದ ನಾಡು. 1937ರಲ್ಲಿ ಬೆಂಗಳೂರು ಗೆದ್ದಾಗ ಅದನ್ನು ತನ್ನದೆನ್ನಲು ಕರ್ನಾಟಕವೇ ಇರಲಿಲ್ಲ. ದಂಡು ಬ್ರಿಟಿಷರ ಆಡಳಿತದ್ದು, ಆದ್ದರಿಂದ ಮೈಸೂರಿನ ದರ್ಬಾರಿಗೆ ಅದು ಪೂರ್ತಿ ತನ್ನದಲ್ಲ. ಪಲ್ಟಣಗಳು ಸೋತ ಸುದ್ದಿ ದಂಡಿನ ದೊರೆಗಳಿಗೆ ಬೇಕಾದದ್ದಲ್ಲ. ಕಪ್ ಮುಂಬಯಿಯದು, ಮುಂಬಯಿಗೆ ಗೆದ್ದವರು ಹೊರಗಿನವರು. ಧಾರವಾಡ, ಗದಗ, ರೋಣದ ಕಡೆಯ ನಮ್ಮ ಹಿರಿಯರಿಗೆ ಬೆಂಗಳೂರು ಬೇರೆ ಸಂಸ್ಥಾನದ ದೂರದ ಊರು. ಹೀಗೆ ನಾಲ್ಕು ಬಾಂದುಗಲ್ಲುಗಳ ನಡುವೆ ಬಿದ್ದ ಕಾಳಿನಂತೆ ಆ ಗೆಲುವು ಯಾರ ಕಣಕ್ಕೂ ಹೋಗಲಿಲ್ಲ. 1956ರ ನವೆಂಬರ್ 1ರಂದು ತುಂಡುಗಳೆಲ್ಲ ಒಂದಾದಾಗ ಗೋಲಗುಮ್ಮಟ, ಹಂಪಿ, ಲಕ್ಕುಂಡಿ, ನ್ಯಾಯವಾಗಿ ಎಲ್ಲವನ್ನೂ ಲೆಕ್ಕಕ್ಕೆ ಬರೆದುಕೊಂಡೆವು. ಆಟದ ಬಯಲಿನ ಲೆಕ್ಕವನ್ನು ಯಾರೂ ತೆಗೆಯಲಿಲ್ಲ.

ಮೈಸೂರಿನ ಹೆಸರಿನಲ್ಲಿ ಆಡಿದ ರಾಜ್ಯ ತಂಡದ ಕತೆಯೂ ಸಣ್ಣದಲ್ಲ. ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ಮೈಸೂರು ನಾಲ್ಕು ಸಲ ಗೆದ್ದಿದೆ: 1946-47, 1952-53, 1967-68, 1968-69. ನಾಲ್ಕೂ ಸಲ ಫೈನಲ್ಲಿನಲ್ಲಿ ಸೋತದ್ದು ಬಂಗಾಳ. ಬಂಗಾಳವನ್ನು ಹೀಗೆ ಮತ್ತೆ ಮತ್ತೆ ಮಣಿಸಿದ ರಾಜ್ಯ ಆ ಕಾಲದಲ್ಲಿ ಇನ್ನೊಂದು ಹುಡುಕುವುದು ಕಷ್ಟ. ಆಮೇಲೆ ಬಹಳ ದೀರ್ಘವಾದ ಬರ. ರೋವರ್ಸ್ ಕಪ್ಪಂತೂ 2000-01ರ ನಂತರ ನಡೆಯುವುದೇ ನಿಂತುಹೋಯಿತು. ಆ ಸಾಲಿನ ಕೆಳಗೆ ಇನ್ನು ಹೊಸ ಹೆಸರು ಬರುವುದಿಲ್ಲ, ಹಾಳು ಗುಡಿಯ ಮುಂದಿನ ಶಾಸನದ ಹಾಗೆ ಅದು ಇದ್ದಷ್ಟೇ.

2023ರ ಮಾರ್ಚ್ 4. ಸೌದಿ ಅರೇಬಿಯಾದ ರಿಯಾದ್ ನಗರದ ಕಿಂಗ್ ಫಹದ್ ಸ್ಟೇಡಿಯಂ. ಸಂತೋಷ್ ಟ್ರೋಫಿಯ ಫೈನಲ್ ಮೊದಲ ಸಲ ದೇಶದ ಹೊರಗೆ. ಮೂರು ದಿನ ಮೊದಲು ಸೆಮಿಫೈನಲ್ಲಿನಲ್ಲಿ ಸರ್ವಿಸಸ್ ತಂಡವನ್ನು, ಅಂದರೆ ಇಂದಿನ ನಮ್ಮದೇ ಪಲ್ಟಣಗಳ ಹುಡುಗರನ್ನು, 3-1ರಿಂದ ದಾಟಿ ಬಂದಿದ್ದರು ನಮ್ಮವರು. ಎದುರಿಗೆ ಮೇಘಾಲಯ. ಆಟ ಶುರುವಾಗಿ ಮೂರು ನಿಮಿಷವೂ ಆಗಿಲ್ಲ, ಸುನಿಲ್ ಕುಮಾರ್ ಗೋಲು. ಒಂಬತ್ತನೆಯ ನಿಮಿಷಕ್ಕೆ ಪೆನಾಲ್ಟಿಯಲ್ಲಿ ಮೇಘಾಲಯ ಸಮ. ಇಪ್ಪತ್ತಕ್ಕೆ ಬೇಕೆ ಓರಮ್ ಮತ್ತೆ ಮುಂದಕ್ಕೆ ತಂದ. ಮೊದಲರ್ಧದ ಕೊನೆಯ ಉಸಿರಿನಲ್ಲಿ ರಾಬಿನ್ ಯಾದವ್ ದೂರದಿಂದ ಫ್ರೀ ಕಿಕ್ ಹೊಡೆದ, ಚೆಂಡು ಗೋಡೆಯಾಗಿ ನಿಂತವರನ್ನು ದಾಟಿ ಬಲೆಗೆ ಬಿತ್ತು. ಎರಡನೆಯ ಅರ್ಧದಲ್ಲಿ ಮೇಘಾಲಯ ಒಂದು ಗೋಲು ತಿರುಗಿಸಿತು. ಉಳಿದ ಅರ್ಧ ತಾಸು ಅದೇ ಹಳೆಯ ಕೆಲಸ, ಒಂದು ಗೋಲನ್ನು ಕಾಪಾಡುವುದು. 3-2ಕ್ಕೆ ಸೀಟಿ ಬಿತ್ತು. ಐವತ್ತನಾಲ್ಕು ವರ್ಷದ ಬರ ಮುಗಿಯಿತು ಎಂದು ಮರುದಿನ ಪತ್ರಿಕೆಗಳು ಬರೆದವು.

ಆ ಸಂಜೆ ನಾನು ಗೆದ್ದವರ ಪಟ್ಟಿ ತೆಗೆದು ಮತ್ತೆ ಮೇಲಿನಿಂದ ಓದಿದೆ. ನಾಲ್ಕು ಕಡೆ ಮೈಸೂರು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು 1973ರಲ್ಲಿ, ಕೊನೆಯ ಗೆಲುವು ಅದಕ್ಕೂ ಮೊದಲಿನದು. ಹಾಗಾಗಿ ಸಂತೋಷ್ ಟ್ರೋಫಿಯ ಸಾಲಿನಲ್ಲಿ ‘ಕರ್ನಾಟಕ’ ಎಂಬ ನಾಲ್ಕಕ್ಷರ ಬಂದದ್ದು ಅಂದೇ ಮೊದಲು.